ಡಿಎಚ್‌ಸಿಪಿ ರಿಲೇ ಏಜೆಂಟ್

ಜಾಲಕ್ಕೆ ಹೊಸದಾಗಿ ಸೇರಿದ ಯಂತ್ರವು ಐಪಿ ವಿಳಾಸಕ್ಕಾಗಿ ಸಲ್ಲಿಸುವ ಕೋರಿಕೆಯನ್ನು ಬೇರೊಂದು ಉಪಜಾಲದ ಸರ್ವರ್‌ಗೆ ತಲುಪಿಸಿ, ಅದರ ಉತ್ತರವನ್ನು ಮರಳಿ ಒಪ್ಪಿಸುವ ತಂತ್ರಾಂಶ. ಸಾಮಾನ್ಯವಾಗಿ ಇದು ರೌಟರ್‌ನಲ್ಲಿಯೇ ಇರುತ್ತದೆ. ವಿಳಾಸವಿಲ್ಲದ ಯಂತ್ರಕ್ಕೆ ಸರ್ವರ್ ಎಲ್ಲಿದೆಯೆಂಬುದೂ ತಿಳಿಯದ ಕಾರಣ ಅದು ಕೋರಿಕೆಯನ್ನು ಬ್ರಾಡ್‌ಕಾಸ್ಟ್ ಮಾಡುತ್ತದೆ, ಅಂದರೆ ಉಪಜಾಲದ ಎಲ್ಲ ಯಂತ್ರಗಳಿಗೂ ಕಳುಹಿಸುತ್ತದೆ. ಇಂಥ ಸಂದೇಶಗಳನ್ನು ರೌಟರ್‌ಗಳು ಆಚೆಗೆ ದಾಟಿಸುವುದಿಲ್ಲವಾದ್ದರಿಂದ ರಿಲೇ ಬೇಕಾಗುತ್ತದೆ.

ಯಂತ್ರಗಳಿಗೆ ಐಪಿ ವಿಳಾಸ ತಿಳಿಸುತ್ತಿದ್ದ 1984ರ ರಾರ್ಪ್ ನಿಯಮಾವಳಿಯು ಈಥರ್ನೆಟ್‌ನಂಥ ಕೆಳಸ್ತರದಲ್ಲೇ ಕೆಲಸ ಮಾಡುತ್ತಿದ್ದುದರಿಂದ ಜಾಲಕ್ಕೊಂದು ಸರ್ವರ್ ಬೇಕಾಗುತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಗಿಲ್ಮೋರ್ 1985ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಬೂಟ್‌ಪಿ ನಿಯಮಾವಳಿ (ಅಂತರ್ಜಾಲ ನಿಯಮಗಳ ದಾಖಲೆ ಸರಣಿಯ ಆರ್‌ಎಫ್‌ಸಿ 951) ಐಪಿಯ ಮೇಲೆ ಸಾಗಿ ಉಪಜಾಲಗಳನ್ನು ದಾಟಬಲ್ಲ ಯುಡಿಪಿಯನ್ನು ಆಧರಿಸಿತ್ತಲ್ಲದೆ, ಗೇಟ್‌ವೇ ವಿಳಾಸಕ್ಕೆಂದು ಸಂದೇಶದಲ್ಲಿ ನಾಲ್ಕು ಬೈಟ್‌ಗಳನ್ನು ಮೀಸಲಿಟ್ಟಿತು. ರಿಲೇಯ ಇತಿಹಾಸ ಬಹುಮಟ್ಟಿಗೆ ಈ ನಾಲ್ಕು ಬೈಟ್‌ಗಳ ಇತಿಹಾಸವೇ ಆಗಿದೆ.

ಕೋರಿಕೆ ಬಂದಾಗ ಆ ಜಾಗದಲ್ಲಿ ಸೊನ್ನೆಯಿದ್ದರೆ ರಿಲೇಯು ಕೋರಿಕೆ ಬಂದ ಇಂಟರ್‌ಫೇಸ್‌ನ ವಿಳಾಸವನ್ನು, ಉದಾಹರಣೆಗೆ 10.20.0.1 ಎಂಬುದನ್ನು, ಅಲ್ಲಿ ಬರೆದು ಸರ್ವರ್‌ನ 67ನೆಯ ಪೋರ್ಟ್‌ಗೆ ನೇರವಾಗಿ ಕಳುಹಿಸುತ್ತದೆ. ಮೊದಲೇ ವಿಳಾಸವಿದ್ದರೆ ಅದನ್ನು ಮುಟ್ಟುವುದಿಲ್ಲ. ಸರ್ವರ್ ಆ ಅಂಕಿಯಿಂದಲೇ ಕೋರಿಕೆ ಯಾವ ಉಪಜಾಲದ್ದೆಂದು ತಿಳಿದು, ಅಲ್ಲಿಗೆ ಹೊಂದುವ ವಿಳಾಸವನ್ನು ಆರಿಸಿ, ಉತ್ತರವನ್ನೂ ಅದೇ 10.20.0.1ಕ್ಕೆ ಕಳುಹಿಸುತ್ತದೆ. ಹೀಗಾಗಿ ರಿಲೇಯು ಯಾರ ಕೋರಿಕೆಯನ್ನೂ ನೆನಪಿಡಬೇಕಿಲ್ಲ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಾಲ್ಟ್ ವೈಮರ್ 1993ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 1542ರ ಮೂಲಕ ಈ ನಡವಳಿಕೆಯನ್ನು ಖಚಿತಗೊಳಿಸಿದರು. ಅದೇ ತಿಂಗಳು ಪೆನ್ಸಿಲ್ವೇನಿಯದ ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ರೂಪಿಸಿದ, ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ನಿಯಮಾವಳಿ ಹೊರಬಂದಿತು. ರೌಟರ್‌ಗಳಲ್ಲಿ ಅದಾಗಲೇ ಇದ್ದ ರಿಲೇಗಳು ಬದಲಾವಣೆಯಿಲ್ಲದೆ ದುಡಿಯಲೆಂದು ಅದು ಬೂಟ್‌ಪಿಯ ಸಂದೇಶ ವಿನ್ಯಾಸವನ್ನೇ ಉಳಿಸಿಕೊಂಡಿತು, ಮತ್ತು ಈ ಜಾಣ್ಮೆ ಅದರ ತ್ವರಿತ ಹರಡುವಿಕೆಗೆ ನೆರವಾಯಿತೆನ್ನಬಹುದು.

ಕೇಬಲ್ ಅಂತರ್ಜಾಲ ಬಂದ ಮೇಲೆ ನಾಲ್ಕು ಬೈಟ್ ಸಾಲದಾಯಿತು. ನ್ಯೂಜೆರ್ಸಿಯ ಐಸೆಲಿನ್‌ನಂಥ ದಟ್ಟ ವಸತಿಯ ಊರಿನಲ್ಲಿ ನೂರಾರು ಮನೆಗಳ ಮೋಡೆಮ್‌ಗಳು ಕೇಬಲ್ ಕಂಪನಿಯ ಒಂದೇ ಇಂಟರ್‌ಫೇಸ್‌ಗೆ ಬಂದು ಸೇರಬಹುದಾದ್ದರಿಂದ, ಇಂಟರ್‌ಫೇಸ್‌ನ ವಿಳಾಸದಿಂದ ಮನೆ ಯಾವುದೆಂದು ಗೊತ್ತಾಗುವುದಿಲ್ಲ. 2001ರ ಜನವರಿಯ ಆರ್‌ಎಫ್‌ಸಿ 3046ರಲ್ಲಿ ಮೋಟೊರೋಲಾದ ಮೈಕೆಲ್ ಪ್ಯಾಟ್ರಿಕ್ ವಿವರಿಸಿದ 82ನೆಯ ಆಪ್ಷನ್‌ನ, ಅಂದರೆ ಸಂದೇಶದ ಐಚ್ಛಿಕ ಭಾಗದ, ಪ್ರಕಾರ ರಿಲೇಯು ಮೋಡೆಮ್‌ನ ಗುರುತನ್ನೂ ಸೇರಿಸಿ ಕಳುಹಿಸಿ, ಉತ್ತರ ಬಂದಾಗ ಆ ಭಾಗವನ್ನು ತೆಗೆದುಹಾಕುತ್ತದೆ.

ಮರಳುವ ವಿಳಾಸ ಮತ್ತು ಉಪಜಾಲದ ಸುಳಿವು ಎರಡನ್ನೂ ಒಂದೇ ಜಾಗಕ್ಕೆ ಹೊರಿಸಿದ್ದ ತೊಡಕನ್ನು 2003ರ ಏಪ್ರಿಲ್‌ನ ಆರ್‌ಎಫ್‌ಸಿ 3527 ಬಿಡಿಸಿತು. ಅದೇ ವರ್ಷದ ಜುಲೈನಲ್ಲಿ ಐಪಿ 6ನೆಯ ಆವೃತ್ತಿಗಾಗಿ ಬಂದ ಡಿಎಚ್‌ಸಿಪಿವಿ6ರಲ್ಲಿ ರಿಲೇಯು ಮೂಲ ಸಂದೇಶವನ್ನು ತಿದ್ದದೆ, ಇಡಿಯಾಗಿ ಮತ್ತೊಂದು ಸಂದೇಶದೊಳಗೆ ಇರಿಸಿ ಕಳುಹಿಸುತ್ತದೆ.