ಕುಬಟೂರು ಸೀಮೆಯ ಕಲ್ಲುಗಳನ್ನು ಓದಿದ ಬಗೆ

ಆನವಟ್ಟಿಯ ಕಡೆಯಿಂದ ಕುಬಟೂರಿಗೆ ಬರುವವರು ಕೈಟಭೇಶ್ವರ ಗುಡಿಯ ಕಂಬ ನೋಡಿ ಹೋಗುತ್ತಾರೆ. ತಿರುಗಣಿಯಲ್ಲಿ ಕಡೆದ ಕಂಬಗಳು ಸಾಲಾಗಿ ನಿಂತ ಆ ತೆರೆದ ಮಂಟಪ ಯಾರ ಕಾಲನ್ನಾದರೂ ಕಟ್ಟಿಹಾಕುವಂಥದ್ದೇ. ಆದರೆ ಈ ಸೀಮೆಯಲ್ಲಿ ಗುಡಿಗಳಿಗಿಂತ ಹೆಚ್ಚಾಗಿ ಸಿಗುವುದು ವೀರಗಲ್ಲು, ಕಾದಿ ಸತ್ತವರ ನೆನಪಿಗೆ ನೆಟ್ಟ ಕಲ್ಲು. ಸೊರಬ, ಶಿಕಾರಿಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ, ಈಶ್ವರನ ಗುಡಿಯ ಹಿಂದೋ, ಹೊಲದ ಬದುವಿನಲ್ಲೋ ಒಂದೆರಡು ಕಲ್ಲು ವಾಲಿಕೊಂಡು ನಿಂತಿರುತ್ತವೆ. ಕೆಲವಕ್ಕೆ ಎಣ್ಣೆ, ಕುಂಕುಮ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿ ಮೈ ಸವೆಸಿಕೊಂಡಿವೆ.

ಕಲ್ಲುಗಳು ಇಷ್ಟೊಂದು ಯಾಕೆ ಎಂದರೆ, ಇದು ದೊಡ್ಡವರ ಕಾಳಗಕ್ಕೆ ಸಿಕ್ಕ ಗಡಿನಾಡು. ಶಾಸನಗಳು ಇದನ್ನು ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರ, ಎನ್ನುತ್ತವೆ. ಬಳ್ಳಿಗಾವೆ ಅದರ ರಾಜಧಾನಿ, ಒಳಗೆ ನಾಗರಖಂಡ-70, ಜಿಡ್ಡುಳಿಗೆ-70ರಂಥ ಕಿರುನಾಡುಗಳು. ಈ 12,000 ಊರುಗಳ ಲೆಕ್ಕವೋ, ಹುಟ್ಟುವಳಿಯ ಲೆಕ್ಕವೋ ಎಂದು ವಿದ್ವಾಂಸರು ಬಹಳ ಕಾಲ ಜಗ್ಗಾಡಿದ್ದಾರೆ. ಊರುಗಳ ಲೆಕ್ಕ ಎಂದರೆ ನನಗಂತೂ ನಂಬಿಕೆ ಬರುವುದಿಲ್ಲ. ಕಾಡು, ಕೆರೆ, ಗದ್ದೆಬಯಲುಗಳ ನಡುವೆ ಹಳ್ಳಿಗಳು ಅಲ್ಲೊಂದು ಇಲ್ಲೊಂದು ಚದುರಿದ ಮಲೆನಾಡಿನ ಸೆರಗು ಇದು.

12ನೆಯ ಶತಮಾನದ ನಡುವಿನಿಂದ ಅರವತ್ತು ವರ್ಷದ ಕತೆಯನ್ನಷ್ಟೇ ನೋಡಿ. ಕಲ್ಯಾಣದ ಚಾಲುಕ್ಯರ ಕೈಯಿಂದ ಅಧಿಕಾರವನ್ನು ಕಳಚೂರಿ ಬಿಜ್ಜಳ ಕಿತ್ತುಕೊಂಡ. 1180ರ ದಶಕದಲ್ಲಿ ನಾಲ್ಕನೆಯ ಸೋಮೇಶ್ವರ ಅದನ್ನು ಮರಳಿ ಪಡೆದ, ಅದೂ ಉಳಿಯಲಿಲ್ಲ. ಬಡಗಣಿಂದ ಸೇವುಣರ ಭಿಲ್ಲಮ, ತೆಂಕಣಿಂದ ಹೊಯ್ಸಳ ಇಮ್ಮಡಿ ಬಲ್ಲಾಳ ಒತ್ತಿಬಂದಾಗ ಆ ಕೊನೆಯ ಚಾಲುಕ್ಯ ದೊರೆ ಆಸರೆ ಹುಡುಕಿಕೊಂಡು ಬಂದದ್ದು ಬನವಾಸಿಯ ಕಡೆಗೇ. 1190ರ ಸುಮಾರಿಗೆ ಗದಗಿನ ಬಳಿಯ ಸೊರಟೂರಿನಲ್ಲಿ ಬಲ್ಲಾಳ ಭಿಲ್ಲಮನನ್ನು ಸೋಲಿಸಿದ. ಮುಂದಿನ ಶತಮಾನದ ಎರಡನೆಯ ದಶಕದ ಹೊತ್ತಿಗೆ ಸೇವುಣ ಸಿಂಘಣನ ಅಧಿಕಾರಿಗಳು ಬಳ್ಳಿಗಾವೆಯಲ್ಲಿ ಕೂತಿದ್ದರು. ಕುಬಟೂರಿನ ಅಜ್ಜಿಯೊಬ್ಬಳು ಒಂದೇ ಆಯುಸ್ಸಿನಲ್ಲಿ ನಾಲ್ಕು ಮನೆತನಗಳಿಗೆ ತೆರಿಗೆ ಕಟ್ಟಿರಬಹುದು.

ಸೊರಟೂರಿನ ಗೆಲುವು ಪಠ್ಯಪುಸ್ತಕಕ್ಕೆ ಬಂತು. ಆ ಕಾಲದ ಹಳ್ಳಿಯ ಕಲ್ಲುಗಳು ಓದಿಗೆ ದಕ್ಕಲು ಹೆಚ್ಚು ಹೊತ್ತು ಹಿಡಿಯಿತು.

ಮೊದಲು ಓದಿದವರು ಬಿ. ಎಲ್. ರೈಸ್. ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ (1902) ಶಿಕಾರಿಪುರವನ್ನೂ ಎಂಟನೆಯ ಸಂಪುಟ (1904) ಸೊರಬವನ್ನೂ ಒಳಗೊಂಡವು. ಸೊರಬ ಒಂದೇ ತಾಲ್ಲೂಕಿನ ಶಾಸನಗಳು ಐನೂರರ ಗಡಿ ದಾಟುತ್ತವೆ. ಆದರೆ ರೈಸ್ ಅವರ ಪೀಠಿಕೆ ನಡೆಯುವುದು ರಾಜವಂಶಗಳ ಹಾದಿಯಲ್ಲಿ: ಕದಂಬರು, ರಾಷ್ಟ್ರಕೂಟರು, ಚಾಲುಕ್ಯರು, ಹೀಗೆ. ಆ ಹಾದಿಯಲ್ಲಿ ವೀರಗಲ್ಲಿನ ಬೆಲೆ ಮೊದಲೆರಡು ಸಾಲಿಗೆ ಮುಗಿಯುತ್ತದೆ. ಯಾವ ಅರಸ, ಯಾವ ಶಕವರ್ಷ ಎಂದು ಗೊತ್ತಾದರೆ ಸಾಕು. ಸತ್ತವನು ಕೆಳಗಿನ ಸಾಲುಗಳಲ್ಲೇ ಉಳಿದ. ಕುಬಟೂರಿನ ಶಾಸನಗಳಲ್ಲೂ ಹೆಸರು ಮಾಡಿದ್ದು 1070ರ ದಶಕದ ದಾನಶಾಸನ: ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಪಾರ್ಶ್ವನಾಥ ಬಸದಿಗೆ ದತ್ತಿ ಬಿಟ್ಟದ್ದು, ಅಗ್ರಹಾರದ ಬ್ರಾಹ್ಮಣರೇ ಅದಕ್ಕೆ ಬ್ರಹ್ಮಜಿನಾಲಯ ಎಂದು ಹೆಸರಿಟ್ಟದ್ದು. ಸೊಗಸಾದ ಶಾಸನ, ಒಪ್ಪಿಕೊಳ್ಳೋಣ.

ಬೊಂಬಾಯಿ ಸೀಮೆಯಲ್ಲಿ ಶಾಸನತಜ್ಞ ಫ್ಲೀಟ್ ಇದೇ ಕೆಲಸ ಮಾಡುತ್ತಿದ್ದರು. ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲಿನ ಅವರ ಗ್ರಂಥವೂ ಹೆಸರೇ ಹೇಳುವಂತೆ ವಂಶಾವಳಿಯೇ. ಆದರೂ ಅವರ ಕಾಲದಲ್ಲೇ ಒಂದು ಕಲ್ಲು ವಿದ್ವಾಂಸರ ಗಮನವನ್ನು ಬೇರೆ ಕಡೆ ತಿರುಗಿಸಿತು. ಕುಬಟೂರಿನಿಂದ ಎತ್ತಿನ ಗಾಡಿಗೆ ಒಂದು ಹಗಲಿನ ದಾರಿಯಾದ ಹಾನಗಲ್ಲಿನಲ್ಲಿ ಆ ಕಲ್ಲಿದೆ. 1196ರಲ್ಲಿ ಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿ ಆನೆಕೆರೆಯ ದಡದಲ್ಲಿ ಬೀಡುಬಿಟ್ಟ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಎದುರು ನಿಂತು, ಮುತ್ತಿಗೆಯನ್ನು ಆ ಹೊತ್ತಿಗೆ ತಡೆದು, ತಾನು ಬಿದ್ದ. ಹೊಯ್ಸಳರ ಪ್ರಶಸ್ತಿಗಳಲ್ಲಿ ಸೋಲು ಹುಡುಕಿದರೂ ಸಿಗದು. ಮುತ್ತಿಗೆಗೆ ಸಿಕ್ಕವರ ಊರಿನ ಕಲ್ಲು ಅದನ್ನು ಹೇಳಿತು.

ಜಾರ್ಜ್ ಮೊರಾಯಿಸ್ 1931ರಲ್ಲಿ ಬರೆದ ಕದಂಬರ ಇತಿಹಾಸ ಈ ಸಣ್ಣ ಶಾಸನಗಳನ್ನು ಧಾರಾಳವಾಗಿ ಬಳಸಿತು. ಸಾಮಂತರ, ನಾಳ್ಗಾವುಂಡರ (ನಾಡಗೌಡರ) ಹೆಸರುಗಳು ಮೇಲೆ ಬಂದವು. ಆದರೂ ಕಣ್ಣು ಅರಮನೆಯ ಮೇಲೇ ಇತ್ತು.

ನಿಜವಾದ ತಿರುವು ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966). ಅವರು ವೀರಗಲ್ಲಿನ ಕೆಳಗಿನ ಸಾಲುಗಳಿಂದ ಓದಲು ಶುರುಮಾಡಿದರು ಎನ್ನಬಹುದು. ಮನುಷ್ಯ ಸತ್ತದ್ದು ಯಾತಕ್ಕೆ? ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋದವರನ್ನು ಅಟ್ಟಿ. ಊರಳಿವು, ಅಂದರೆ ಊರು ಹಾಳಾಗುವಾಗ ಅಡ್ಡ ನಿಂತು. ಪೆಣ್ಬುಯ್ಯಲ್, ಅಂದರೆ ಹೆಂಗಸರ ಮೊರೆಗೆ ಓಗೊಟ್ಟು. ಸತ್ತವನ ಮನೆಯವರಿಗೆ ಸಿಕ್ಕ ಭೂಮಿಗೆ ನೆತ್ತರುಕೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಹೆಸರುಗಳು. ಈ ಪದಗಳನ್ನು ಒಟ್ಟಿಗಿಟ್ಟು ನೋಡಿದ ಮೇಲೆ ಹಳ್ಳಿಯ ಪಾಲಿಗೆ ಯುದ್ಧ ಎಂದರೇನು ಎಂಬುದು ಮೊದಲ ಸಲ ಕಣ್ಣಿಗೆ ಕಟ್ಟಿತು.

ಇಲ್ಲಿ ಕೊಂಚ ನಿಲ್ಲಬೇಕು. ತುರುಗೋಳನ್ನು ದನಗಳ್ಳರ ಚಿಲ್ಲರೆ ಜಗಳ ಎಂದು ತಳ್ಳಿಹಾಕುವ ರೂಢಿ ಇತ್ತು, ಈಗಲೂ ಅಷ್ಟಿಷ್ಟು ಇದೆ. ಮಹಾಭಾರತದ ಗೋಗ್ರಹಣ ಕೇಳಿ ಬೆಳೆದವರು ಹಾಗೆ ಹೇಳಬಾರದು: ಕೌರವರ ದಂಡು ವಿರಾಟನ ನಾಡಿಗೆ ನುಗ್ಗಿದ್ದೂ ದನಕ್ಕೇ. ಬೇಸಾಯದ ಎತ್ತು, ಗೊಬ್ಬರ, ಹಾಲು, ಗಾಡಿ ಎಲ್ಲವೂ ದನದ ಮೇಲೆ ನಿಂತ ನಾಡಿನಲ್ಲಿ ಮಂದೆ ಹೊಡೆದುಕೊಂಡು ಹೋದರೆ ಮುಂದಿನ ವರ್ಷದ ಗದ್ದೆ ಪಾಳು. ಗದ್ದೆ ಪಾಳಾದರೆ ಎದುರಾಳಿಗೆ ತೆರಿಗೆಯೂ ಇಲ್ಲ, ದಂಡಿಗೆ ಅಕ್ಕಿಯೂ ಇಲ್ಲ. ಜನ ವಿರಳವಾದ ಗಡಿನಾಡನ್ನು ಹಣಿಯಲು ಕೋಟೆ ಮುರಿಯಬೇಕಾಗಿರಲಿಲ್ಲ.

1982 ಈ ಅಧ್ಯಯನಕ್ಕೆ ಸುಗ್ಗಿಯ ವರ್ಷ. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಬಂತು, ಎಸ್. ಶೆಟ್ಟರ್ ಮತ್ತು ಜರ್ಮನಿಯ ಸೊಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳ ಸಂಪುಟ ಧಾರವಾಡದಿಂದ ಹೊರಬಂತು. ಅಲ್ಲಿಂದ ಮುಂದೆ ಬರಹದಷ್ಟೇ ಕೆತ್ತನೆಯೂ ಓದಿಗೆ ಬಂತು. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ: ಬಿಲ್ಲು ಸೆಳೆದವನು, ಕುದುರೆ, ಕಾಲಡಿಯಲ್ಲಿ ಬಿದ್ದವರು, ತುರುಗೋಳಾದರೆ ಒತ್ತೊತ್ತಾಗಿ ನಿಂತ ದನಗಳು. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲೆ ಕರೆದೊಯ್ಯುತ್ತಾರೆ. ತುದಿಯಲ್ಲಿ ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ, ನೆತ್ತಿಯ ಮೇಲೆ ಸೂರ್ಯ, ಚಂದ್ರ. ಶಾಸನ ಅಳಿಸಿಹೋದ ಕಲ್ಲೂ ಇದರಿಂದ ಮಾತಾಡತೊಡಗಿತು. ಕತ್ತಿಯ ಆಕಾರ, ಗುರಾಣಿ, ಜುಟ್ಟು, ಸೊಂಟದ ಕಟ್ಟುಗಳಿಂದ ಕಾಲ ಗುರುತಿಸುವವರು ಬಂದರು.

ಹೆಂಗಸರ ಕಡೆಯ ಓದು ಇನ್ನೂ ಸಾಲದು. ಗಂಡನ ಹಿಂದೆಯೇ ಸತ್ತ ಹೆಂಗಸರ ಮಾಸ್ತಿಕಲ್ಲುಗಳ ಬಗ್ಗೆ ಬರಹಗಳಿವೆ. ಆದರೆ ಯುದ್ಧದ ನಾಡಿನಲ್ಲಿ ಹೆಣ್ಣಿಗೆ ಸಾಯುವುದೊಂದೇ ಪಾತ್ರವಾಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ 10ನೆಯ ಶತಮಾನದ ಶಾಸನದಲ್ಲಿ, ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ನಾಗರಖಂಡ-70ನ್ನು ಆಳಿದವಳು ಅವನ ಹೆಂಡತಿ ಜಕ್ಕಿಯಬ್ಬೆ. ಗಂಡ ಹೋದ ಮನೆಗಳಲ್ಲಿ ಗದ್ದೆ ಯಾರು ಉತ್ತರು, ನೆತ್ತರುಕೊಡಗೆಯ ಭೂಮಿ ಎಷ್ಟು ತಲೆಮಾರು ಉಳಿಯಿತು ಎಂಬುದನ್ನು ಊರೂರಿನ ಶಾಸನಗಳನ್ನು ಜೋಡಿಸಿ ಕೇಳುವ ಕೆಲಸ ಮುಂದಿದೆ.

ಈಚೆಗೆ ಸ್ಥಳೀಯ ಆಸಕ್ತರು, ಮೇಷ್ಟ್ರುಗಳು ಮೊಬೈಲಿನಲ್ಲಿ ಫೋಟೊ ಹಿಡಿದು ಹೊಸ ಕಲ್ಲುಗಳ ಸುದ್ದಿ ಕೊಡುತ್ತಾರೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಶೀರ್ಷಿಕೆಯಲ್ಲಿ ಮಾತ್ರ ಈಗಲೂ ಇರುವುದು ‘ಹೊಯ್ಸಳರ ಕಾಲದ ವೀರಗಲ್ಲು ಪತ್ತೆ’ ಎಂದೇ. ಸತ್ತವನ ಹೆಸರು ಬೇಕೆಂದರೆ ಸುದ್ದಿಯ ಕೊನೆಯ ಸಾಲಿನವರೆಗೂ ಹೋಗಬೇಕು.