ಚೆಂಬೂರಿನ ಇಂಧನ ಉದ್ಯಮ ಮತ್ತು ಹಸಿರುಮನೆ ಅನಿಲಗಳು

ಚೆಂಬೂರು ಮುಂಬಯಿಯ ಪೂರ್ವ ಉಪನಗರ. ಅದಕ್ಕೆ ಅಂಟಿಕೊಂಡಂತಿರುವ ಮಾಹುಲ್–ಟ್ರಾಂಬೆ ಕರಾವಳಿಯಲ್ಲಿ ಎರಡು ತೈಲ ಶುದ್ಧೀಕರಣ ಕಾರ್ಖಾನೆಗಳು, ಒಂದು ಉಷ್ಣ ವಿದ್ಯುತ್ ಸ್ಥಾವರ ಮತ್ತು ಒಂದು ಬೃಹತ್ ರಸಗೊಬ್ಬರ ಕಾರ್ಖಾನೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಪಳೆಯುಳಿಕೆ ಇಂಧನದ ಬಳಕೆ, ಆರ್ಥಿಕ ಬೆಳವಣಿಗೆ ಮತ್ತು ಹಸಿರುಮನೆ ಅನಿಲಗಳ ಉತ್ಸರ್ಜನೆ, ಈ ಮೂರಕ್ಕಿರುವ ನಂಟನ್ನು ಒಂದೇ ಕಡೆ ಕಾಣಲು ಭಾರತದಲ್ಲಿ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಆದರೆ ಇಲ್ಲಿನ ಚಿಮಣಿಗಳನ್ನು ಎಣಿಸಿದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಇಲ್ಲಿ ತಯಾರಾದ ಇಂಧನದ ಬಹುಪಾಲು ಉರಿಯುವುದು ಬೇರೆ ಊರುಗಳಲ್ಲಿ.

ಕಾಯಾ ಸೂತ್ರ

ಒಂದು ದೇಶದ ಇಂಗಾಲದ ಡೈಆಕ್ಸೈಡ್ ಉತ್ಸರ್ಜನೆಯನ್ನು ಜಪಾನಿನ ಇಂಧನ ತಜ್ಞ ಯೋಯಿಚಿ ಕಾಯಾ ನಾಲ್ಕು ಅಂಶಗಳ ಗುಣಲಬ್ಧವಾಗಿ ಬರೆದರು: ಜನಸಂಖ್ಯೆ, ತಲಾ ಉತ್ಪನ್ನ, ಪ್ರತಿ ರೂಪಾಯಿಯ ಉತ್ಪನ್ನಕ್ಕೆ ಬೇಕಾಗುವ ಶಕ್ತಿ, ಆ ಶಕ್ತಿಯ ಪ್ರತಿ ಏಕಮಾನದಿಂದ ಹೊಮ್ಮುವ ಇಂಗಾಲ. ಬೆಳವಣಿಗೆ ಎಂದರೆ ಎರಡನೆಯ ಅಂಶ ಏರುವುದು. ಅದು ಏರಿದಷ್ಟೇ ವೇಗವಾಗಿ ಕೊನೆಯ ಎರಡು ಅಂಶಗಳು ಇಳಿಯದಿದ್ದರೆ ಒಟ್ಟು ಉತ್ಸರ್ಜನೆ ಏರಲೇಬೇಕು. 2020ರ ಲಾಕ್‌ಡೌನ್ ಈ ನಂಟನ್ನು ಹಿಮ್ಮುಖವಾಗಿ ತೋರಿಸಿತು. ಆ ವರ್ಷ ಜಗತ್ತಿನ ಪಳೆಯುಳಿಕೆ ಇಂಧನದ ಉತ್ಸರ್ಜನೆ ಸುಮಾರು ಶೇ. 5ರಷ್ಟು ಕುಸಿಯಿತು. ವಹಿವಾಟು ಚೇತರಿಸಿಕೊಂಡದ್ದೇ ಅದೂ ಮೇಲೆದ್ದಿತು.

ನಾಲ್ಕನೆಯ ಅಂಶವನ್ನು ನಿರ್ಧರಿಸುವುದು ಯಾವ ಇಂಧನ ಎಂಬುದು. ಒಂದು ಗಿಗಾಜೂಲ್ ಶಾಖಕ್ಕೆ ಕಲ್ಲಿದ್ದಲು ಸುಮಾರು 95 ಕಿಲೋ, ಫರ್ನೇಸ್ ಆಯಿಲ್ 77 ಕಿಲೋ, ನೈಸರ್ಗಿಕ ಅನಿಲ 56 ಕಿಲೋ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ.

ನೀರಿನಿಂದ ಕಲ್ಲಿದ್ದಲಿಗೆ

ಕಲ್ಲಿದ್ದಲಿನಿಂದ ಶುರುವಾಗಿ ಕ್ರಮೇಣ ಶುದ್ಧ ಇಂಧನದತ್ತ ಸಾಗುವುದೇ ಪ್ರಗತಿಯ ದಾರಿ ಎಂಬ ನಂಬಿಕೆಗೆ ಮುಂಬಯಿಯ ವಿದ್ಯುತ್ತಿನ ಚರಿತ್ರೆ ಹೊಂದುವುದಿಲ್ಲ. ಸಹ್ಯಾದ್ರಿಯ ಮಳೆನೀರನ್ನು ಕಟ್ಟಿ ನಿಲ್ಲಿಸಿ ಟಾಟಾ ಸಂಸ್ಥೆ ಖೋಪೋಲಿಯಲ್ಲಿ 1915ರಲ್ಲಿ, ಭಿವ್‌ಪುರಿಯಲ್ಲಿ 1922ರಲ್ಲಿ, ಭಿರಾದಲ್ಲಿ 1927ರಲ್ಲಿ ಜಲವಿದ್ಯುತ್ ತೆಗೆಯಿತು. ಉಗಿಯಂತ್ರದಲ್ಲಿ ನಡೆಯುತ್ತಿದ್ದ ಹತ್ತಿ ಗಿರಣಿಗಳಿಗೆ ಈ ಕರೆಂಟು ಬಂತು. ಎಂದರೆ ನೂರು ವರ್ಷಗಳ ಹಿಂದೆಯೇ ನಗರದ ಉದ್ಯಮದ ಒಂದು ದೊಡ್ಡ ಪಾಲು ಕಲ್ಲಿದ್ದಲನ್ನು ಬಿಟ್ಟು ನೀರಿಗೆ ಬದಲಾಗಿತ್ತು. ಅದನ್ನು ಮತ್ತೆ ಹಿಂದಕ್ಕೆಳೆದದ್ದು ಬೇಡಿಕೆ. ನಗರ ಬೆಳೆದ ವೇಗಕ್ಕೆ ಘಟ್ಟದ ನೀರು ಸಾಲದಾಯಿತು. 1956ರಲ್ಲಿ ಟ್ರಾಂಬೆಯ ಉಷ್ಣ ಸ್ಥಾವರ ಶುರುವಾಯಿತು.

ಆಮೇಲಿನ ಬದಲಾವಣೆಗಳು ಇಂಧನ ಎಲ್ಲಿ ಸಿಕ್ಕಿತು, ಎಷ್ಟಕ್ಕೆ ಸಿಕ್ಕಿತು ಎಂಬುದನ್ನು ಅನುಸರಿಸಿದವು. 1974ರಲ್ಲಿ ಬಾಂಬೆ ಹೈ ತೈಲಕ್ಷೇತ್ರ ಪತ್ತೆಯಾಗಿ, 1976ರಿಂದ ಕಡಲಾಳದ ತೈಲವೂ ಅನಿಲವೂ ದೊರೆಯತೊಡಗಿದ ಮೇಲೆ ಟ್ರಾಂಬೆಗೆ ಅನಿಲ ಹರಿಯಿತು. 1984ರಲ್ಲಿ ಇಲ್ಲಿ ಚಾಲೂ ಆದ 5ನೇ ಘಟಕ ದೇಶದ ಮೊದಲ 500 ಮೆಗಾವಾಟ್ ಘಟಕ. 1990ರ ದಶಕದಲ್ಲಿ 180 ಮೆಗಾವಾಟಿನ ಅನಿಲ ಘಟಕವೂ ಸೇರಿತು. ಆದರೆ ಮುಂದೆ, ಹವಾಮಾನ ಬದಲಾವಣೆ ಎಲ್ಲರ ಬಾಯಲ್ಲಿದ್ದ 2009ರಲ್ಲಿ, ಹೊಸದಾಗಿ ಬಂದ 250 ಮೆಗಾವಾಟಿನ 8ನೇ ಘಟಕ ಮತ್ತೆ ಕಲ್ಲಿದ್ದಲಿನದು. ಒಂದು ಯುನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ 900 ಗ್ರಾಮಿನ ಆಸುಪಾಸು ಇಂಗಾಲದ ಡೈಆಕ್ಸೈಡ್ ಬಂದರೆ ಅನಿಲದಿಂದ ಅದರ ಅರ್ಧದಷ್ಟು ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ಯಾರೂ ಕಲ್ಲಿದ್ದಲನ್ನು ಆರಿಸಲಿಲ್ಲ. ಅನಿಲವನ್ನು ಆರಿಸಲು ಅದರ ಪೂರೈಕೆ ಮತ್ತು ಬೆಲೆ ಎರಡೂ ಅಡ್ಡ ಬಂದವು.

ರಿಫೈನರಿಗಳು: ಯಾರ ಲೆಕ್ಕ?

ಸ್ಟ್ಯಾನ್‌ವ್ಯಾಕ್ ಕಂಪನಿಯ ರಿಫೈನರಿ 1954ರಲ್ಲಿ, ಬರ್ಮಾ ಶೆಲ್‌ನದು 1955ರಲ್ಲಿ ಕೆಲಸ ಆರಂಭಿಸಿದವು. ರಾಷ್ಟ್ರೀಕರಣದ ಬಳಿಕ ಮೊದಲನೆಯದು ಹಿಂದುಸ್ತಾನ್ ಪೆಟ್ರೋಲಿಯಂ, ಎರಡನೆಯದು ಭಾರತ್ ಪೆಟ್ರೋಲಿಯಂ ಕೈಸೇರಿತು. ಇಂದು ಅವುಗಳ ವಾರ್ಷಿಕ ಸಾಮರ್ಥ್ಯ ಕ್ರಮವಾಗಿ 95 ಲಕ್ಷ ಮತ್ತು 120 ಲಕ್ಷ ಟನ್ ಕಚ್ಚಾ ತೈಲ.

ಇಲ್ಲೊಂದು ಸ್ಥೂಲ ಲೆಕ್ಕ ಹಾಕಬಹುದು. ಒಂದು ಟನ್ ಕಚ್ಚಾ ತೈಲ ಪೂರ್ತಿ ಉರಿದರೆ ಮೂರು ಟನ್ನಿಗೂ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ರಸ್ತೆಯ ಡಾಂಬರು, ಕೀಲೆಣ್ಣೆಯಂಥ ಉರಿಯದ ಪಾಲನ್ನು ಕಳೆದರೂ, ಎರಡೂ ಕಾರ್ಖಾನೆಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆದಾಗ ಅವುಗಳ ಉತ್ಪನ್ನದಿಂದ ವರ್ಷಕ್ಕೆ 6 ಕೋಟಿ ಟನ್ನಿನ ಸುಮಾರಿಗೆ ಬರುತ್ತದೆ. ಮುಂಬಯಿ ಮಹಾನಗರಪಾಲಿಕೆ 2022ರ ಮಾರ್ಚಿನಲ್ಲಿ ಪ್ರಕಟಿಸಿದ ಹವಾಮಾನ ಕ್ರಿಯಾಯೋಜನೆಯ ಪ್ರಕಾರ, 2019ರಲ್ಲಿ ಇಡೀ ನಗರದ ಉತ್ಸರ್ಜನೆ 2.34 ಕೋಟಿ ಟನ್. ನಗರದ ಒಂದು ಮೂಲೆಯಿಂದ ಹೊರಟ ಇಂಧನ, ಇಡೀ ನಗರದ ಲೆಕ್ಕದ ಎರಡೂವರೆ ಪಟ್ಟು! ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಉತ್ಸರ್ಜನೆಯನ್ನು ಇಂಧನ ಉರಿದ ಜಾಗದ ಖಾತೆಗೆ ಬರೆಯುವುದು ರೂಢಿ. ಘಟ್ಟ ಹತ್ತುವ ಲಾರಿಯ ಡೀಸೆಲ್ ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡನ್ನು ಆ ರಸ್ತೆಯಲ್ಲೇ ಬಿಡುತ್ತದೆ. ಈ ತೈಲದಿಂದ ಚೆಂಬೂರಿನ ಖಾತೆಗೆ ಬರುವುದು ಮುಖ್ಯವಾಗಿ ಅದನ್ನು ಸಂಸ್ಕರಿಸಲು ಉರಿಸಿದ ಇಂಧನ.

ಗೊಬ್ಬರದ ಕಥೆಯೂ ಇದೇ. 1965ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆ 1978ರಲ್ಲಿ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಜರ್ಸ್ ಆಯಿತು. ಅದರ ‘ಸುಫಲಾ’ ಚೀಲ ಕರ್ನಾಟಕದ ರೈತರಿಗೆ ಹೊಸದಲ್ಲ. ನೈಸರ್ಗಿಕ ಅನಿಲದಿಂದ ಅಮೋನಿಯ ತಯಾರಿಸುವಾಗ ಬರುವ ಇಂಗಾಲದ ಡೈಆಕ್ಸೈಡಿನ ಒಂದಂಶವನ್ನು ಯೂರಿಯಾದೊಳಗೆ ಕಟ್ಟಿಹಾಕಲಾಗುತ್ತದೆ. ಹೊಲಕ್ಕೆ ಎರಚಿದ ಮೇಲೆ ಅದು ಬಿಡುಗಡೆಯಾಗುತ್ತದೆ. ಜೊತೆಗೆ ಸಾರಜನಕದ ಅಲ್ಪಭಾಗವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಆಗಿಸುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲದ ತಾಪನ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು.

ಹೊಗೆ ಬೇರೆ, ಹಸಿರುಮನೆ ಅನಿಲ ಬೇರೆ

ಚೆಂಬೂರನ್ನು ‘ಗ್ಯಾಸ್ ಚೇಂಬರ್’ ಎಂದು ಕರೆಯುವ ಮುಂಬಯಿಗರ ಮಾತಿನ ಹಿಂದಿರುವುದು ಸ್ಥಳೀಯ ಮಾಲಿನ್ಯ. ಗಂಧಕದ ಡೈಆಕ್ಸೈಡ್, ದೂಳು, ತೈಲ ಟ್ಯಾಂಕುಗಳಿಂದ ಆವಿಯಾಗುವ ಸಾವಯವ ಸಂಯುಕ್ತಗಳು ಅದರ ಘಟಕಗಳು. 2009ರ ಕೇಂದ್ರ ಸಮೀಕ್ಷೆಯಲ್ಲಿ ಈ ಪ್ರದೇಶ ತೀವ್ರ ಮಲಿನ ವಲಯಗಳ ಸಾಲಿನಲ್ಲಿತ್ತು. ಮಾಹುಲ್‌ನ ನಿವಾಸಿಗಳ ದೂರಿನ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಆಗಸ್ಟಿನಲ್ಲಿ ಎರಡು ರಿಫೈನರಿಗಳೂ ಸೇರಿ ನಾಲ್ಕು ಕಂಪನಿಗಳ ಮೇಲೆ ಒಟ್ಟು 286 ಕೋಟಿ ರೂಪಾಯಿಗಳ ಪರಿಹಾರದ ಹೊರೆ ಹೊರಿಸಿತು.

ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದೂ ಇಲ್ಲ. ಟ್ರಾಂಬೆಯ ಸ್ಥಾವರದಲ್ಲಿ ಕಡಲ ನೀರಿನಿಂದ ಗಂಧಕವನ್ನು ತೊಳೆಯುವ ವ್ಯವಸ್ಥೆಯಿದೆ. ಅದರಿಂದ ನೆರೆಯವರ ಉಸಿರಾಟಕ್ಕೆ ಅನುಕೂಲವಾದೀತೇ ಹೊರತು ಇಂಗಾಲದ ಲೆಕ್ಕ ಇಳಿಯುವುದಿಲ್ಲ. ಪತ್ರಿಕೆಗಳಲ್ಲಿ ಇವೆರಡನ್ನೂ ‘ಮಾಲಿನ್ಯ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದರಿಂದ ಗೊಂದಲ ಹೆಚ್ಚಿದೆ.

ಬಳಕೆಯ ಬೆಳವಣಿಗೆ

ಕಾರ್ಖಾನೆಗಳ ಚೆಂಬೂರು ಈಗ ವಸತಿ ಗೋಪುರಗಳ ಚೆಂಬೂರೂ ಹೌದು. ಇಲ್ಲಿನ ಹಳೆಯ ಸಿನಿಮಾ ಸ್ಟುಡಿಯೋ ಆದ ಆರ್.ಕೆ. ಸ್ಟುಡಿಯೋದ ಜಾಗವೂ 2019ರಲ್ಲಿ ಗೃಹನಿರ್ಮಾಣ ಕಂಪನಿಗೆ ಮಾರಾಟವಾಯಿತು. ಉತ್ಪಾದನೆ ಹಿಂದೆ ಸರಿದು ಸೇವಾವಲಯ ಬೆಳೆದರೆ ಉತ್ಸರ್ಜನೆ ತಾನಾಗಿ ಇಳಿಯುತ್ತದೆ ಎಂಬ ವಾದ ಇಂಥಲ್ಲಿ ಭಾಗಶಃ ಮಾತ್ರ ನಿಲ್ಲುತ್ತದೆ. ಲಿಫ್ಟು, ಏಸಿ, ಎರಡನೇ ಕಾರು ಎಲ್ಲಕ್ಕೂ ಶಕ್ತಿ ಬೇಕು. ಪಾಲಿಕೆಯ ಲೆಕ್ಕದಲ್ಲಿ ನಗರದ ಉತ್ಸರ್ಜನೆಯ ಶೇ. 72 ಕಟ್ಟಡ–ಉದ್ಯಮಗಳ ಶಕ್ತಿ ಬಳಕೆಯಿಂದ, ಶೇ. 20 ಸಾರಿಗೆಯಿಂದ, ಉಳಿದ ಶೇ. 8 ತ್ಯಾಜ್ಯದಿಂದ. ಚೆಂಬೂರಿನ ಮಗ್ಗುಲಲ್ಲೇ ಇರುವ, 1927ರಿಂದ ಕಸ ಸುರಿಯುತ್ತಿರುವ ದೇವನಾರ್ ಮೈದಾನದ ಮೀಥೇನ್ ಈ ಕೊನೆಯ ಪಾಲಿಗೆ ಸೇರುತ್ತದೆ. ತಲಾ ಉತ್ಸರ್ಜನೆ 1.8 ಟನ್ ಎಂಬುದು ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಇದಕ್ಕೆ ಮಿತವ್ಯಯವಷ್ಟೇ ಅಲ್ಲ, ಬಡತನವೂ ಲೋಕಲ್ ರೈಲಿನ ಇಕ್ಕಟ್ಟೂ ಕಾರಣ.

ದೇಶದ ಮಟ್ಟದಲ್ಲಿ 2005ರಿಂದ 2020ರ ನಡುವೆ ಜಿಡಿಪಿಯ ಪ್ರತಿ ರೂಪಾಯಿಗೆ ಬೀಳುವ ಉತ್ಸರ್ಜನೆ ಶೇ. 36ರಷ್ಟು ಇಳಿದಿದೆ ಎಂದು ಭಾರತ ಸರ್ಕಾರ ವಿಶ್ವಸಂಸ್ಥೆಗೆ ವರದಿ ಮಾಡಿದೆ. ಒಟ್ಟು ಉತ್ಸರ್ಜನೆ ಮಾತ್ರ ಏರಿದೆ. ಬೆಳವಣಿಗೆಯೂ ಉತ್ಸರ್ಜನೆಯೂ ಭಾಗಶಃ ಕಳಚಿಕೊಂಡಿವೆ ಎನ್ನುವುದು ಇದನ್ನೇ. ಪೂರ್ತಿ ಕಳಚಿಕೊಂಡ ಉದಾಹರಣೆ ಬ್ರಿಟನ್: ಆರ್ಥಿಕತೆ ಬೆಳೆಯುತ್ತಲೇ ಅಲ್ಲಿ 1990ರ ಮಟ್ಟದ ಅರ್ಧದಷ್ಟು ಉತ್ಸರ್ಜನೆ ತಗ್ಗಿತು, ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅಲ್ಲಿ ಬಿಕರಿಯಾಗುವ ಸಾಮಾನುಗಳಲ್ಲಿ ಎಷ್ಟೋ ಬೇರೆ ದೇಶಗಳ ಕಲ್ಲಿದ್ದಲಿನಿಂದ ತಯಾರಾದವು ಎಂಬುದನ್ನೂ ಹೇಳಬೇಕು.

ಮುಂಬಯಿಯ ಗುರಿ 2050ಕ್ಕೆ ನಿವ್ವಳ ಶೂನ್ಯ, ದೇಶದ್ದು 2070ಕ್ಕೆ. ಈ ಗುರಿಗೆ ಅಡ್ಡಿಯಾದ ಟ್ರಾಂಬೆಯ ಕಲ್ಲಿದ್ದಲಿಗೆ ಅನಿಲದ ಕೊರತೆಯಲ್ಲದೆ ಇನ್ನೊಂದು ಕಾರಣವೂ ಇತ್ತು: ಹೊರಗಿನ ವಿದ್ಯುತ್ತನ್ನು ನಗರದೊಳಕ್ಕೆ ತರಲು ಸಾಕಷ್ಟು ತಂತಿಮಾರ್ಗಗಳಿರಲಿಲ್ಲ. 2020ರ ಅಕ್ಟೋಬರ್ 12ರಂದು ನಗರವೇ ಕತ್ತಲಾದಾಗ ಈ ಕೊರತೆ ಎದ್ದು ಕಂಡಿತು. 2023ರಲ್ಲಿ ಖಾರ್‌ಘರ್–ವಿಕ್ರೋಲಿ 400 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ಆ ಅಡಚಣೆ ಸಡಿಲಾಗಿದೆ. ಆ ತಂತಿಯಲ್ಲಿ ಬರುವುದು ಗಾಳಿ, ಬಿಸಿಲಿನ ಕರೆಂಟಾದರೆ ಉತ್ಸರ್ಜನೆ ಇಳಿಯುತ್ತದೆ. ವಿದರ್ಭದ ಚಂದ್ರಪುರದ ಕಲ್ಲಿದ್ದಲಿನದಾದರೆ ಟ್ರಾಂಬೆಯ ಚಿಮಣಿ ಅಲ್ಲಿಗೆ ಹೋಯಿತು ಎಂದಷ್ಟೇ ಅರ್ಥ.