ತೂತು ಬಿದ್ದ ಮುಚ್ಚಳ

ಇವತ್ತು ಚುನಾವಣೆ ಇಲ್ಲ, ಸಂಪುಟ ವಿಸ್ತರಣೆ ಇಲ್ಲ, ಯಾರ ರಾಜೀನಾಮೆಯೂ ಇಲ್ಲ. ಇವತ್ತು ಒಂದು ಗಾಜಿನ ಜಾಡಿಯ ಕಥೆ.

ಕೆಲವು ವರ್ಷಗಳ ಹಿಂದಿನ ಮಾತು. ಊರಿಂದ ಅಮ್ಮ ಬಂದಿದ್ದರು. ಭಾನುವಾರ ಸಂಜೆ, ಬೆಂಗಳೂರು ತೋರಿಸೋಣ ಅಂತ ಒಂದು ಕೆಫೆಗೆ ಕರ್ಕೊಂಡು ಹೋದೆ. ಗೋಡೆಗೆ ಬಣ್ಣ ಇಲ್ಲ, ಬರೀ ಇಟ್ಟಿಗೆ. ತಲೆ ಮೇಲೆ ಹಳದಿ ಬಲ್ಬುಗಳು. ಎರಡು ನಿಂಬೆ ಪಾನಕ ಹೇಳಿದೆ. ಒಂದಕ್ಕೆ ನೂರ ಎಂಬತ್ತು ರೂಪಾಯಿ. ಪಾನಕ ಬಂತು, ಆದರೆ ಲೋಟದಲ್ಲಿ ಅಲ್ಲ, ದಪ್ಪ ಗಾಜಿನ ಜಾಡಿಯಲ್ಲಿ. ಕತ್ತಿನ ಸುತ್ತ ತಿರುಪಿನ ಗೆರೆ, ಹೊಟ್ಟೆಯ ಮೇಲೆ ಇಂಗ್ಲಿಷ್ ಅಕ್ಷರ.

ಅಮ್ಮ ಅದನ್ನ ಎತ್ತಿ, ಸುತ್ತ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದರ ಮುಚ್ಚಳ ಎಲ್ಲಿ?"

ನಾನು ನಕ್ಕೆ. ಜೊತೆಗಿದ್ದ ಗೆಳೆಯರೂ ನಕ್ಕರು. ಆದ್ರೆ ಮನೆಗೆ ಬಂದ ಮೇಲೆ ಆ ಜಾಡಿಯ ಇತಿಹಾಸ ಕೆದಕುತ್ತಾ ಕೂತೆ ನೋಡಿ, ಆಗ ಗೊತ್ತಾಯ್ತು. ಆ ಮೇಜಿನಲ್ಲಿ ಸರಿಯಾದ ಇಂಜಿನಿಯರಿಂಗ್ ಪ್ರಶ್ನೆ ಕೇಳಿದವರು ಅಮ್ಮ ಒಬ್ಬರೇ. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದ ನನಗೆ ಅದು ಹೊಳೆದಿರಲಿಲ್ಲ.

ಕಥೆ ಶುರುವಾಗೋದು ಫ್ರಾನ್ಸ್‌ನಲ್ಲಿ. ಯುದ್ಧಕ್ಕೆ ಹೋದ ಸೈನಿಕರಿಗೆ, ತಿಂಗಳುಗಟ್ಟಲೆ ಸಮುದ್ರದಲ್ಲಿರುವ ನಾವಿಕರಿಗೆ ಕೆಡದ ಊಟ ಬೇಕಿತ್ತು. ನಿಕೊಲಾ ಅಪೇರ್ ಅಂತ ಒಬ್ಬ ಮಿಠಾಯಿ ತಯಾರಕ. ಅವನು ವರ್ಷಗಟ್ಟಲೆ ಪ್ರಯೋಗ ಮಾಡಿ ಒಂದು ದಾರಿ ಕಂಡುಕೊಂಡ. ಆಹಾರವನ್ನ ಗಾಜಿನ ಬಾಟಲಿಗೆ ತುಂಬು, ಕಾರ್ಕ್ ಬಿಗಿದು ತಂತಿ ಕಟ್ಟು, ಬಾಟಲಿ ಸಮೇತ ನೀರಲ್ಲಿ ಕುದಿಸು. ಅಷ್ಟೇ. ಸೂಪು, ಮಾಂಸ, ಬಟಾಣಿ, ಹಾಲು ಎಲ್ಲವೂ ತಿಂಗಳುಗಟ್ಟಲೆ ಕೆಡದೆ ಉಳಿದವು. 1810ರಲ್ಲಿ ಫ್ರಾನ್ಸ್ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಷರತ್ತು ಏನಪ್ಪಾ ಅಂದ್ರೆ, ವಿಧಾನವನ್ನ ಪುಸ್ತಕವಾಗಿ ಬರೆದು ಎಲ್ಲರಿಗೂ ತಿಳಿಸಬೇಕು. ಅವನು ಬರೆದ.

ತಮಾಷೆ ನೋಡಿ. ಯಾಕೆ ಕೆಡಲ್ಲ ಅಂತ ಅಪೇರ್‌ಗೂ ಗೊತ್ತಿರಲಿಲ್ಲ. ಕೆಡಿಸೋದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅಂತ ಲೂಯಿ ಪಾಶ್ಚರ್ ತೋರಿಸಿಕೊಡೋದಕ್ಕೆ ಇನ್ನೂ ಅರ್ಧ ಶತಮಾನ ಬೇಕಿತ್ತು. ವಿಜ್ಞಾನ ಆಮೇಲೆ ಬಂತು, ಅಡುಗೆ ಮೊದಲು ಬಂತು.

ಸರಿ, ವಿಧಾನ ಸಿಕ್ತು. ಸಮಸ್ಯೆ ಉಳಿದಿದ್ದು ಎಲ್ಲಿ? ಮುಚ್ಚಳದಲ್ಲಿ! ಮನೆಯಲ್ಲಿ ಇದನ್ನ ಮಾಡೋ ಹೆಂಗಸರು ತಗಡಿನ ಮುಚ್ಚಳ ಇಟ್ಟು, ಅದರ ಸುತ್ತ ಕರಗಿದ ಮೇಣ ಸುರಿಯಬೇಕಿತ್ತು. ಕೈ ಸುಡುತ್ತಿತ್ತು. ಮೇಣ ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ಇಡೀ ವರ್ಷದ ದುಡಿಮೆ ಕೊಳೆತು ಹೋಗುತ್ತಿತ್ತು.

ಇಲ್ಲಿ ಬರ್ತಾನೆ ನಮ್ಮ ಹೀರೋ. ಜಾನ್ ಲ್ಯಾಂಡಿಸ್ ಮೇಸನ್, ಅಮೆರಿಕದ ನ್ಯೂಜೆರ್ಸಿಯವನು, ವೃತ್ತಿಯಿಂದ ತಗಡು ಕೆಲಸಗಾರ. 1858ರ ನವೆಂಬರ್ 30ರಂದು ಅವನಿಗೊಂದು ಪೇಟೆಂಟ್ ಸಿಕ್ಕಿತು. ಸಂಖ್ಯೆ 22,186. ಆಗ ಅವನ ವಯಸ್ಸು 26. ಅವನು ಮಾಡಿದ್ದೇನು? ಗಾಜಿನ ಕತ್ತಿಗೆ ತಿರುಪಿನ ಗೆರೆ ಕೂರಿಸಿದ, ಅದಕ್ಕೆ ಸರಿಹೊಂದುವ ಸತುವಿನ ಮುಚ್ಚಳ ಮಾಡಿದ. ನಡುವೆ ರಬ್ಬರ್ ಉಂಗುರ ಇಟ್ಟು ಮುಚ್ಚಳವನ್ನ ತಿರುಗಿಸಿದರೆ ಅದು ಜಾಡಿಯ ಭುಜದ ಮೇಲೆ ಗಟ್ಟಿಯಾಗಿ ಕೂರುತ್ತಿತ್ತು. ಮೇಣ ಬೇಡ, ಕಾರ್ಕ್ ಬೇಡ, ತಂತಿ ಬೇಡ. ಬಳಸಿ, ತೊಳೆದು, ಮುಂದಿನ ವರ್ಷ ಮತ್ತೆ ಬಳಸಬಹುದು.

ಅಂದ್ರೆ ಏನರ್ಥ? ಗಾಜಿನ ಜಾಡಿ ಮೊದಲೇ ಇತ್ತು. ಮೇಸನ್ ಕಂಡುಹಿಡಿದಿದ್ದು ಜಾಡಿಯನ್ನಲ್ಲ, ಅದನ್ನ ಮುಚ್ಚುವ ದಾರಿಯನ್ನ. ಅಮ್ಮ ಕೇಳಿದ್ದೂ ಅದನ್ನೇ ಅಲ್ವಾ!

ಒಂದು ನಿಮಿಷ ನನ್ನೊಳಗಿನ ಹಳೇ ಇಂಜಿನಿಯರ್ ಮಾತಾಡಲಿ. ತುಂಬಿದ ಜಾಡಿಯನ್ನ ಕುದಿಯುವ ನೀರಿನಲ್ಲಿ ಇಟ್ಟಾಗ ಒಳಗಿನ ಗಾಳಿ ಮತ್ತು ಹಬೆ ಹೊರಗೆ ಹೋಗುತ್ತೆ. ಹೊರಗೆ ತೆಗೆದು ತಣ್ಣಗಾಗಲು ಬಿಟ್ಟರೆ ಒಳಗೆ ಉಳಿದ ಹಬೆ ನೀರಾಗುತ್ತೆ, ಒಳಗಿನ ಒತ್ತಡ ಇಳಿಯುತ್ತೆ. ಆಗ ಹೊರಗಿನ ಗಾಳಿ ಮುಚ್ಚಳವನ್ನ ಒತ್ತಿ ಹಿಡಿಯುತ್ತೆ. ಏಳು ಸೆಂಟಿಮೀಟರ್ ಅಗಲದ ಮುಚ್ಚಳ ಅಂದುಕೊಳ್ಳಿ. ಒಳಗೆ ಪೂರ್ತಿ ನಿರ್ವಾತ ಆದರೆ ಅದರ ಮೇಲೆ ಬೀಳೋ ಭಾರ ಸುಮಾರು 40 ಕೆಜಿ! ಅಷ್ಟು ಪೂರ್ತಿ ನಿರ್ವಾತ ಅಡುಗೆಮನೆಯಲ್ಲಿ ಆಗಲ್ಲ, ನಿಜ. ಅದರ ಅರ್ಧ ಆದರೂ ಸಾಕು. ತಿರುಪು ಬರೀ ಆಸರೆ. ಆಮೇಲೆ ಕಾವಲು ನಿಲ್ಲೋದು ನಮ್ಮ ತಲೆ ಮೇಲಿರೋ ವಾತಾವರಣ.

ಮುಂದೆ ಅಲೆಗ್ಸಾಂಡರ್ ಕೆರ್ ಅನ್ನುವವನ ಕಂಪನಿ 1915ರ ಸುಮಾರಿಗೆ ಎರಡು ತುಂಡಿನ ಮುಚ್ಚಳ ತಂತು. ಒಂದು ಚಪ್ಪಟೆ ತಗಡು, ಅದನ್ನ ಹಿಡಿಯೋಕೆ ಒಂದು ಬಳೆ. ಜಾಡಿ ತಣ್ಣಗಾಗುವಾಗ ತಗಡು ಒಳಕ್ಕೆ ಬಾಗಿ 'ಟಿಂಗ್' ಅನ್ನುತ್ತೆ. ಆ ಸದ್ದು ಬಂತು ಅಂದ್ರೆ ಜಾಡಿ ಮುಚ್ಚಿಕೊಂಡಿದೆ ಅಂತ. ಕೆಲಸ ಮುಗಿಸಿ ಹಜಾರದಲ್ಲಿ ಕೂತ ಹೆಂಗಸರು ಅಡುಗೆಮನೆಯ ಕಡೆ ಕಿವಿಯಿಟ್ಟು 'ಟಿಂಗ್'ಗಳನ್ನ ಎಣಿಸುತ್ತಿದ್ದರು. ಹನ್ನೆರಡು ಜಾಡಿ ಇಟ್ಟು ಹನ್ನೊಂದು ಸದ್ದು ಬಂದರೆ, ಹನ್ನೆರಡನೆಯದನ್ನ ಮೊದಲು ತಿಂದು ಮುಗಿಸಬೇಕು.

ಯಾಕೆ ಇಷ್ಟು ಆತಂಕ ಅಂತೀರಾ? ಯಾಕಂದ್ರೆ ಇದು ಜೀವದ ಪ್ರಶ್ನೆಯಾಗಿತ್ತು. ಅಲ್ಲಿ ಹಿಮ ಬಿದ್ದ ಮೇಲೆ ತಿಂಗಳುಗಟ್ಟಲೆ ಹೊಲದಲ್ಲಿ ಹಸಿರು ಅನ್ನೋದೇ ಇರಲ್ಲ. ಆಗಸ್ಟ್‌ನಲ್ಲಿ ಬೆಳೆದ ಟೊಮೆಟೊ ಫೆಬ್ರವರಿಯ ತಟ್ಟೆಗೆ ಬರಬೇಕಾದರೆ ಅದು ಜಾಡಿಯೊಳಗಿಂದಲೇ ಬರಬೇಕು. ಇನ್ನು ಮುಚ್ಚಳದೊಳಗೇ ಒಬ್ಬ ಶತ್ರು ಇದ್ದ: ಬೊಟುಲಿನಂ ಅನ್ನೋ ಬ್ಯಾಕ್ಟೀರಿಯಾ. ಗಾಳಿ ಇಲ್ಲದ ಕಡೆಯೇ ಅದು ಬೆಳೆಯೋದು. ಹುಳಿ ಇರೋ ಹಣ್ಣಿನಲ್ಲಿ ಅದರ ಆಟ ನಡೆಯಲ್ಲ. ಬೀನ್ಸ್, ಜೋಳದಂಥ ಹುಳಿಯಿಲ್ಲದ ತರಕಾರಿಯಲ್ಲಿ 100 ಡಿಗ್ರಿ ಕುದಿಸಿದರೂ ಅದರ ಬೀಜಕಣ ಸಾಯಲ್ಲ. ಹೊರಗಿನಿಂದ ಜಾಡಿ ಚೆನ್ನಾಗೇ ಕಾಣಬಹುದು, ವಾಸನೆಯೂ ಬರದೇ ಇರಬಹುದು. ತಿಂದವರಿಗೆ ನರಗಳು ಸೋತು, ಕೊನೆಗೆ ಉಸಿರೇ ನಿಲ್ಲಬಹುದು. ಕುಟುಂಬಕ್ಕೆ ಕುಟುಂಬವೇ ಸತ್ತ ಉದಾಹರಣೆಗಳಿವೆ. 1917ರಲ್ಲಿ ಅಮೆರಿಕದ ಕೃಷಿ ಇಲಾಖೆ ಇಂಥ ತರಕಾರಿಗಳಿಗೆ ಪ್ರೆಷರ್ ಕ್ಯಾನರ್ ಬಳಸಿ ಅಂತ ಹೇಳಿತು. ನಮ್ಮ ಕುಕ್ಕರ್‌ನ ದೊಡ್ಡಪ್ಪ ಅಂದುಕೊಳ್ಳಿ. ಅದರೊಳಗೆ ಶಾಖ 116 ಡಿಗ್ರಿ ಮುಟ್ಟುತ್ತೆ.

ಈಗ ದುಡ್ಡಿನ ಕಥೆಗೆ ಬರೋಣ. ಮೇಸನ್ ಕೋಟ್ಯಧಿಪತಿ ಆಗಿರಬೇಕು ಅಲ್ವಾ? ಇಲ್ಲ. ಹಕ್ಕುಗಳು ಬೇರೆಯವರ ಕೈ ಸೇರಿದವು. 1879ಕ್ಕೆ ಪೇಟೆಂಟ್ ಅವಧಿಯೂ ಮುಗಿಯಿತು. ಆಮೇಲೆ ಯಾರು ಬೇಕಾದರೂ ಮಾಡಬಹುದು, ಮಾಡಿದರು ಕೂಡ. ಅವಧಿ ಮುಗಿದ ಮೇಲೂ ದಶಕಗಳ ಕಾಲ ಹತ್ತಾರು ಕಾರ್ಖಾನೆಗಳು ಜಾಡಿಯ ಹೊಟ್ಟೆಯ ಮೇಲೆ 'ಮೇಸನ್ಸ್ ಪೇಟೆಂಟ್, ನವೆಂಬರ್ 30, 1858' ಅಂತಲೇ ಅಚ್ಚು ಹಾಕಿದವು. ಹೆಸರು ಅವನದು, ತಾರೀಕು ಅವನದು, ಕಾಸು ಮಾತ್ರ ಅವನದಲ್ಲ. 1902ರಲ್ಲಿ ನ್ಯೂಯಾರ್ಕ್‌ನಲ್ಲಿ ಸಾಯುವಾಗ ಅವನು ಬಡವನಾಗಿದ್ದ.

ದುಡ್ಡು ಮಾಡಿದ್ದು ಐದು ಜನ ಅಣ್ಣತಮ್ಮಂದಿರು, ಬಾಲ್ ಸಹೋದರರು. 1880ರಲ್ಲಿ ಚಿಕ್ಕಪ್ಪನ ಹತ್ತಿರ 200 ಡಾಲರ್ ಸಾಲ ತಗೊಂಡು ವ್ಯಾಪಾರ ಶುರು ಮಾಡಿದವರು. ಮೊದಲು ಮಾಡಿದ್ದು ಸೀಮೆಎಣ್ಣೆ ಡಬ್ಬ, ಆಮೇಲೆ ಹಣ್ಣಿನ ಜಾಡಿ. ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರಿನ ನೆಲದಡಿ ನೈಸರ್ಗಿಕ ಅನಿಲ ಸಿಕ್ಕಿತ್ತು. 'ಬನ್ನಿ, ಜಾಗ ಕೊಡ್ತೀವಿ, ಗ್ಯಾಸ್ ಪುಕ್ಕಟೆ' ಅಂತ ಊರಿನವರು ಕರೆದರು. ಗಾಜು ಕರಗಿಸೋಕೆ ಬೇಕಿದ್ದೇ ಬೆಂಕಿ. 1887ರಲ್ಲಿ ಅವರು ಅಲ್ಲಿಗೆ ಗಂಟುಮೂಟೆ ಕಟ್ಟಿದರು. ಹಗಲೂ ರಾತ್ರಿ ಬೀದಿಯಲ್ಲಿ ಶೋಕಿಗೆ ಉರಿಸಿ, ಆ ಗ್ಯಾಸನ್ನ ಆ ಸೀಮೆಯ ಜನ ಇಪ್ಪತ್ತು ವರ್ಷ ತುಂಬೋದರೊಳಗೆ ಖಾಲಿ ಮಾಡಿಕೊಂಡಿದ್ದು ಬೇರೆ ಕಥೆ.

ಇನ್ನು ಮರಳು. ಮಿಷಿಗನ್ ಸರೋವರದ ದಡದಲ್ಲಿ ಹೂಸಿಯರ್ ಸ್ಲೈಡ್ ಅಂತ ಒಂದು ಮರಳ ಗುಡ್ಡ ಇತ್ತು. ಸುಮಾರು 200 ಅಡಿ ಎತ್ತರ, ಜನ ರೈಲು ಹತ್ತಿ ನೋಡೋಕೆ ಬರ್ತಿದ್ದರು. ಆ ಮರಳನ್ನ ಗಾಜಿನ ಕಾರ್ಖಾನೆಗಳು ಹೊತ್ತೊಯ್ದವು. ಹಳೆಯ ಬಾಲ್ ಜಾಡಿಗಳಿಗೆ ಇರೋ ಆ ತಿಳಿ ನೀಲಿ ಬಣ್ಣ ಅಂಥ ಮರಳಿನಲ್ಲಿದ್ದ ಕಬ್ಬಿಣದ ಅಂಶದ ಕೊಡುಗೆ. 1920ರ ಹೊತ್ತಿಗೆ ಗುಡ್ಡವೇ ಇರಲಿಲ್ಲ. ಅಂದ್ರೆ ಒಂದು ಬೆಟ್ಟ ಜಾಡಿಗಳಾಗಿ ಅಡುಗೆಮನೆಗಳ ಅಟ್ಟ ಸೇರಿತ್ತು. ಮರಳು ಲಾರಿ ಸುದ್ದಿಯನ್ನ ವಾರಕ್ಕೊಮ್ಮೆ ಓದುವ ನನಗೆ ಇದನ್ನ ಹೇಳದೆ ಮುಂದೆ ಹೋಗೋಕೆ ಆಗಲ್ಲ.

ಜಾಡಿಯ ಶಿಖರ ಕಾಲ ಎರಡನೇ ಮಹಾಯುದ್ಧ. ತಗಡು ಸೇನೆಗೆ ಬೇಕು, ಡಬ್ಬಿ ಆಹಾರಕ್ಕೆ ರೇಷನ್. ಸರ್ಕಾರ ಹೇಳಿತು: ಹಿತ್ತಿಲಲ್ಲಿ ಬೆಳೆಯಿರಿ, ಜಾಡಿಗೆ ತುಂಬಿ. ಹಣ್ಣು ಕಾಪಿಡುವವರಿಗೆ ಅಂತಲೇ ಹೆಚ್ಚುವರಿ ಸಕ್ಕರೆ ಕೊಟ್ಟರು. 1943 ಒಂದೇ ವರ್ಷದಲ್ಲಿ ಅಮೆರಿಕದ ಮನೆಗಳಲ್ಲಿ ತುಂಬಿದ ಜಾಡಿ ಡಬ್ಬಿಗಳ ಲೆಕ್ಕ 400 ಕೋಟಿ ದಾಟುತ್ತೆ! ಆ ಬೇಸಿಗೆಯ ಸೆಕೆಯಲ್ಲಿ, ಕುದಿಯುವ ಹಂಡೆಯ ಪಕ್ಕ ನಿಂತವರು ಯಾರು? ಅವರ ಹೆಸರಲ್ಲಿ ಪೇಟೆಂಟ್ ಇಲ್ಲ, ಪದಕವೂ ಇಲ್ಲ.

ಯುದ್ಧ ಮುಗಿಯಿತು. ಫ್ರಿಜ್ ಬಂತು, ಫ್ರೀಜರ್ ಬಂತು, ಸೂಪರ್ ಮಾರ್ಕೆಟ್ ಬಂತು. ಜಾಡಿ ಅಟ್ಟಕ್ಕೆ ಏರಿತು. ಉಳಿದಿದ್ದು ಹಳ್ಳಿಗಳಲ್ಲಿ, ಬಡವರ ಮನೆಗಳಲ್ಲಿ. ಖಾಲಿ ಜಾಡಿಯಲ್ಲೇ ಅವರು ನೀರು, ಚಹಾ ಕುಡಿಯುತ್ತಿದ್ದರು. ಕಳ್ಳಭಟ್ಟಿ ಮಾರುವವರು ಸಾರಾಯಿ ತುಂಬುತ್ತಿದ್ದಿದ್ದೂ ಅದರಲ್ಲೇ. ಜಾಡಿಯಲ್ಲಿ ಕುಡಿಯೋದು ಅಂದ್ರೆ ಲೋಟ ಕೊಳ್ಳೋ ಶಕ್ತಿ ಇಲ್ಲ ಅಂತ ಅರ್ಥ. ಬಾಲ್ ಕಂಪನಿಯೇ ದಾರಿ ಬದಲಿಸಿತು: ಅಲ್ಯೂಮಿನಿಯಂ ಕ್ಯಾನ್, ಬಾಹ್ಯಾಕಾಶ ಉಪಕರಣ. ಹಬಲ್ ದೂರದರ್ಶಕದ ಮಂಜು ದೃಷ್ಟಿ ಸರಿಪಡಿಸಿದ 'ಕನ್ನಡಕ' ತಯಾರಾಗಿದ್ದು ಬಾಲ್ ಕಂಪನಿಯಲ್ಲೇ. ಅದನ್ನ ಅಂತರಿಕ್ಷಕ್ಕೆ ಕಳಿಸಿದ್ದು 1993ರಲ್ಲಿ. ಅದೇ 1993ರಲ್ಲಿ ಕಂಪನಿ ತನ್ನ ಜಾಡಿ ವ್ಯಾಪಾರವನ್ನ ಬೇರ್ಪಡಿಸಿ ಕೈತೊಳೆದುಕೊಂಡಿತು.

ಟ್ವಿಸ್ಟ್ ಇರೋದು ಇಲ್ಲೇ. 2008ರ ಆರ್ಥಿಕ ಕುಸಿತದ ನಂತರ ಜನಕ್ಕೆ ಹಳೆಯದರ ಮೇಲೆ ಪ್ರೀತಿ ಉಕ್ಕಿತು. 2010ರಲ್ಲಿ ಪಿಂಟರೆಸ್ಟ್ ಬಂತು, ಚಂದದ ಫೋಟೊಗಳ ಸಂತೆ. ಮದುವೆ ಮಂಟಪದಲ್ಲಿ ಜಾಡಿ, ಹೂದಾನಿಯಾಗಿ ಜಾಡಿ, ಕಾಕ್‌ಟೇಲ್‌ಗೆ ಜಾಡಿ, ಸಲಾಡ್‌ಗೆ ಜಾಡಿ. 2013ರಲ್ಲಿ ಬಾಲ್ ಹೆಸರಿನಲ್ಲೇ ನೀಲಿ ಜಾಡಿಗಳು ಮತ್ತೆ ಮಾರುಕಟ್ಟೆಗೆ ಬಂದವು. ಈ ಸಲ ನೀಲಿ ಮರಳಿನಿಂದ ಬಂದಿದ್ದಲ್ಲ, ಬೇಕಂತಲೇ ಹಾಕಿದ್ದು. ಅಲ್ಲಿಂದ ಆ ಶೋಕಿ ವಿಮಾನ ಹತ್ತಿ ನಮ್ಮ ಬೆಂಗಳೂರಿನ ಕೆಫೆಗಳಿಗೂ ಇಳಿಯಿತು.

ಕುಡಿಯೋಕೆ ಇದು ಒಳ್ಳೆ ಪಾತ್ರೆಯೇ? ಖಂಡಿತ ಅಲ್ಲ. ತಿರುಪಿನ ಗೆರೆ ತುಟಿಗೆ ಒತ್ತುತ್ತೆ, ಬಾಯಿ ಅಗಲ, ಕಟಬಾಯಿಂದ ಸೋರುತ್ತೆ. ಅದಕ್ಕೇ ಸ್ಟ್ರಾ ಕೊಡೋದು!

ಇದನ್ನೆಲ್ಲ ಓದುವಾಗ ನನಗೆ ನೆನಪಾಗಿದ್ದು ನನ್ನ ಹಾಸ್ಟೆಲ್. ಪ್ರತಿ ಸೆಮಿಸ್ಟರ್ ಶುರುವಲ್ಲಿ ಅಮ್ಮ ಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದರು, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ, ಅದರ ಸುತ್ತ ರಬ್ಬರ್ ಬ್ಯಾಂಡ್, ಮೇಲೆ ತಿರುಪಿನ ಮುಚ್ಚಳ. ನಮ್ಮಲ್ಲಿ ಹಿಮ ಇಲ್ಲ, ಬಿಸಿಲಿದೆ. ಹಾಗಾಗಿ ನಮ್ಮ ಅಜ್ಜಿಯಂದಿರು ಕುದಿಸೋ ಬದಲು ಉಪ್ಪು, ಎಣ್ಣೆ, ಬಿಸಿಲನ್ನ ನಂಬಿದರು; ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರು, ಒದ್ದೆ ಕೈ ಹಾಕಿದ ಮಕ್ಕಳಿಗೆ ಬೈದರು. ದಾರಿ ಬೇರೆ, ಲೆಕ್ಕ ಒಂದೇ: ಹೊರಗಿನದು ಒಳಗೆ ಬರಬಾರದು. ರಬ್ಬರ್ ಮತ್ತು ತಿರುಪು, ಮೇಸನ್ ಮಾಡಿದ್ದೂ ಅದೇ. ಆದರೆ ಆಗ ನಾನು ಮಾಡಿದ್ದೇನು ಗೊತ್ತಾ? ರೂಮಿನ ಗೆಳೆಯರ ಹತ್ತಿರ ಬಣ್ಣ ಬಣ್ಣದ ಹೊಸ ಡಬ್ಬಿಗಳಿದ್ದವು ಅಂತ, ಆ ಬಾಟಲಿಯನ್ನ ಮಂಚದ ಕೆಳಗೆ, ಸೂಟ್‌ಕೇಸ್ ಹಿಂದೆ ಬಚ್ಚಿಟ್ಟೆ. ರಾತ್ರಿ ದೀಪ ಆರಿದ ಮೇಲೆ ತೆಗೆದು ತಿಂದಿದ್ದೂ ಇದೆ. ಹತ್ತು ವರ್ಷ ಆದ ಮೇಲೆ ಅಂಥದ್ದೇ ಬಾಟಲಿಯಲ್ಲಿ ಪಾನಕ ಕುಡಿಯೋಕೆ ನೂರ ಎಂಬತ್ತು ರೂಪಾಯಿ ಕೊಟ್ಟು, ಫೋಟೊ ಬೇರೆ ತೆಗೆದೆ.

ಯಾರನ್ನೂ ಬೈಯೋಕೆ ಇದನ್ನ ಹೇಳ್ತಿಲ್ಲ. ಜಾಡಿಯಲ್ಲಿ ಕುಡಿಯೋದು ಅಪರಾಧ ಅಲ್ಲ. ಆದ್ರೆ ಬಡವರ ಮನೆಯಲ್ಲಿದ್ದಾಗ ನಾಚಿಕೆ ಅನ್ನಿಸಿದ್ದು, ಬೆಲೆಪಟ್ಟಿ ಅಂಟಿಸಿದ ಕೂಡಲೇ ಚಂದ ಹೇಗಾಯ್ತು? ವಸ್ತು ಅದೇ. ಬದಲಾಗಿದ್ದು, ಅದು ಇಲ್ಲದೇ ಇದ್ರೆ ಬದುಕು ನಡೆಯಲ್ಲ ಅನ್ನೋ ಅನಿವಾರ್ಯತೆ. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದ ಜನ ಮತ್ತೆ ಹಿತ್ತಿಲಿಗೆ ಇಳಿದರು, ಮತ್ತೆ ತರಕಾರಿ ಕಾಪಿಡೋಕೆ ಹೊರಟರು. ಆಗ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹುಡುಕಾಡಿದ್ದು ಯಾವುದಕ್ಕೆ ಗೊತ್ತಾ? ಮುಚ್ಚಳಕ್ಕೆ. ಭಯ ಬಂದ ತಕ್ಷಣ ಜನಕ್ಕೆ ಮುಚ್ಚಳ ನೆನಪಾಯ್ತು.

ಮತ್ತೆ ಆ ಕೆಫೆಗೆ ಬರೋಣ. ಅಮ್ಮನ ಪ್ರಶ್ನೆ ಕೇಳಿದ ವೇಟರ್ ಹುಡುಗ ಒಳ್ಳೆಯವನು. ನಗಲಿಲ್ಲ. ಒಳಗೆ ಹೋಗಿ ಹುಡುಕಿ ಒಂದು ಮುಚ್ಚಳ ತಂದುಕೊಟ್ಟ. ಹೊಳೆಯುವ ಚಿನ್ನದ ಬಣ್ಣ. ಅಮ್ಮ ಅದನ್ನ ಜಾಡಿಗೆ ಹಾಕಿ ಬಿಗಿಯಾಗಿ ತಿರುಗಿಸಿದರು. ಆಮೇಲೆ ಅದರ ನಡುವೆ ಸ್ಟ್ರಾ ತೂರಿಸೋಕೆ ಅಂತ ಕೊರೆದಿದ್ದ ದುಂಡನೆ ತೂತಿನ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿದರು.

"ತೂತು ಇರೋ ಮುಚ್ಚಳ ಯಾವ ಪುರುಷಾರ್ಥಕ್ಕೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ, ವೀಕ್ಷಕರೇ. ದಿನಾ ರಾತ್ರಿ ಎಲ್ಲರಿಗೂ ಪ್ರಶ್ನೆ ಕೇಳೋ ಕೆಲಸ ನನ್ನದು. ಅವತ್ತು ಸ್ಟ್ರಾ ಬಾಯಿಗಿಟ್ಟುಕೊಂಡು ಸುಮ್ಮನೆ ಪಾನಕ ಕುಡಿದೆ.